ಪಾಲಾಗದ ಹೊಲ: ಸ್ಪಿತಿ ಕಣಿವೆಯ ಕತೆ

ಮೈಸೂರಿನ ಗೆಳೆಯರ ಓದುಕೂಟದಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಮೊದಲಿಗೆ ಒಂದು ಪ್ರಶ್ನೆ ಕೇಳಿದೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹಿಸ್ಸೆ ಜಗಳ ಆಗಿದೆ, ಕೈ ಎತ್ತಿ ನೋಡೋಣ. ಎಲ್ಲರೂ ನಕ್ಕರು. ಆಮೇಲೆ ಒಂದೊಂದೇ ಕೈ ಮೇಲೆ ಹೋಯಿತು. ಅರ್ಧ ಸಭೆಗಿಂತ ಜಾಸ್ತಿ. ನನ್ನದೂ ಒಂದು ಸೇರಿಸಿಕೊಳ್ಳಿ. ನಮ್ಮ ತಾತನ ಕಾಲದಲ್ಲಿ ಆರು ಎಕರೆ ಇದ್ದ ಹೊಲ ನಮ್ಮ ತಲೆಗೆ ಬರುವಷ್ಟರಲ್ಲಿ ಟ್ರ್ಯಾಕ್ಟರ್ ತಿರುಗಿಸಲೂ ಜಾಗ ಇಲ್ಲದ ಪಟ್ಟಿಗಳಾಗಿತ್ತು. ಹೊಲಕ್ಕಿಂತ ಬದುವೇ ಜಾಸ್ತಿ.

ಇವತ್ತು ನಾನು ಹೇಳಹೊರಟಿದ್ದು ಹೊಲವನ್ನು ಪಾಲು ಮಾಡದೇ ನೂರಾರು ವರ್ಷ ಬಾಳಿದ ಒಂದು ಕಣಿವೆಯ ವಿಷಯ. ಹಿಮಾಚಲ ಪ್ರದೇಶದ ಸ್ಪಿತಿ. ಅಲ್ಲಿಗೆ ಹೋಗಿಬಂದವರು ಮೊಬೈಲಿನಲ್ಲಿ ತೋರಿಸುವುದು ಬೆಟ್ಟ, ನಕ್ಷತ್ರ, ಬೈಕು. ತಪ್ಪಲ್ಲ, ನಾನೂ ತೆಗೆದಿದ್ದೇನೆ. ಆದರೆ ಎರಡನೇ ಸಲ ಹೋದಾಗ ತಲೆಗೆ ಹೊಕ್ಕಿದ್ದು ಬೇರೆ ಪ್ರಶ್ನೆ. ಹುಲ್ಲೂ ಸರಿಯಾಗಿ ಬೆಳೆಯದ ಈ ಜಾಗದಲ್ಲಿ ಇಷ್ಟು ದೊಡ್ಡ ಗೊಂಪಾಗಳು, ಅಂದರೆ ಬೌದ್ಧ ಮಠಗಳು, ಹೇಗೆ ನಿಂತವು? ಅಲ್ಲಿರುವ ಲಾಮಾಗಳು ಯಾರ ಮನೆ ಮಕ್ಕಳು? ಅವರಿಗೆ ಊಟ ಹಾಕಿದವರು ಯಾರು?

ಜಾಗದ ಅಂದಾಜು ಸಿಗಲಿ ಎಂದು ಒಂದು ಲೆಕ್ಕ ಕೊಡುತ್ತೇನೆ. ಲಾಹೌಲ್ ಮತ್ತು ಸ್ಪಿತಿ ಸೇರಿ ಒಂದು ಜಿಲ್ಲೆ. ವಿಸ್ತಾರದಲ್ಲಿ ಅದು ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. 2011ರ ಜನಗಣತಿಯಲ್ಲಿ ಬೆಳಗಾವಿಯಲ್ಲಿ ಸುಮಾರು 48 ಲಕ್ಷ ಜನ. ಲಾಹೌಲ್-ಸ್ಪಿತಿಯಲ್ಲಿ 31,564. ಅದರಲ್ಲೂ ಸ್ಪಿತಿಯ ಪಾಲು 12 ಸಾವಿರದ ಆಸುಪಾಸು. ನಮ್ಮಲ್ಲಿ ಒಂದು ಜಾತ್ರೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ.

ಹೋಗಲು ಎರಡು ದಾರಿ. ಒಂದು ಮನಾಲಿ ಕಡೆಯಿಂದ, ಸುಮಾರು 4,550 ಮೀಟರ್ ಎತ್ತರದ ಕುಂಝುಂ ಕಣಿವೆದಾರಿ ಹತ್ತಿ ಇಳಿಯುವುದು. 2020ರಲ್ಲಿ ಅಟಲ್ ಸುರಂಗ ಆದಮೇಲೆ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿದೆ. ಆದರೆ ಕುಂಝುಂ ಈಗಲೂ ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚುತ್ತದೆ. ಇನ್ನೊಂದು ಶಿಮ್ಲಾದಿಂದ ಕಿನ್ನೌರ್ ಹಾದು, ಸಟ್ಲೆಜ್ ನದಿ ಹಿಡಿದು ಹೋಗುವುದು. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಮೊದಲ ಸಲ ನಾನು ಮನಾಲಿ ಕಡೆಯಿಂದ ಅವಸರದಲ್ಲಿ ಹೋಗಿ, ಕಾಜಾದಲ್ಲಿ ಎರಡು ದಿನ ತಲೆ ಹಿಡಿದುಕೊಂಡು ಮಲಗಿದ್ದೆ. ಕಾಜಾ ಅಂದರೆ ಅಲ್ಲಿಯ ತಾಲ್ಲೂಕು ಕೇಂದ್ರ ಅಂದುಕೊಳ್ಳಿ, ಎತ್ತರ ಸುಮಾರು 3,650 ಮೀಟರ್. ಎರಡನೇ ಸಲ ಕಿನ್ನೌರ್ ಕಡೆಯಿಂದ ನಿಧಾನವಾಗಿ ಹತ್ತಿದೆ. ಬುದ್ಧಿ ಬಂದಿತ್ತು.

ಕಿನ್ನೌರ್‌ನ ಹಸಿರು ಹಿಂದೆ ಉಳಿದು ಸ್ಪಿತಿ ಶುರುವಾದರೆ ಕಣ್ಣಿಗೆ ಬೀಳುವುದು ಬರೀ ಕಂದು ಗುಡ್ಡ. ಮಳೆ ಮೋಡಗಳನ್ನು ಹಿಮಾಲಯದ ಆಚೆಯ ಸಾಲುಗಳೇ ತಡೆದುಬಿಡುತ್ತವೆ. ಇಲ್ಲಿಗೆ ಬರುವ ನೀರು ಬಹುಪಾಲು ಹಿಮದ ರೂಪದಲ್ಲೇ ಬರುತ್ತದೆ. ಗುಡ್ಡದ ಮೇಲೆ ಹಿಮ ಕರಗಿ ಎಲ್ಲಿ ತೊರೆ ಇಳಿಯುತ್ತದೋ ಅಲ್ಲಿ ಮಾತ್ರ ಊರು. ಆ ತೊರೆಯ ನೀರನ್ನು ಕಿಲೋಮೀಟರುಗಟ್ಟಲೆ ಸಣ್ಣ ಕಾಲುವೆ ಕಡಿದು ಹೊಲಕ್ಕೆ ತರುತ್ತಾರೆ. ಕೂಲ್ ಅನ್ನುತ್ತಾರೆ ಅದಕ್ಕೆ. ದೂರದಿಂದ ನೋಡಿದರೆ ಯಾರೋ ಗುಡ್ಡದ ಮೇಲೆ ಹಸಿರು ಸೀರೆ ಒಣಹಾಕಿದ ಹಾಗೆ ಕಾಣುತ್ತದೆ. ಸೀರೆಯ ಅಂಚು ಮುಗಿದ ಕಡೆ ಕಲ್ಲು, ಧೂಳು. ನಡುವೆ ಏನೂ ಇಲ್ಲ. ನೀರು ಎಷ್ಟೋ ಹೊಲ ಅಷ್ಟೇ. ವರ್ಷಕ್ಕೆ ಒಂದೇ ಬೆಳೆ. ಹಳೆಯ ಬೆಳೆ ಅಂದರೆ ಬಾರ್ಲಿ ಮತ್ತು ಕಪ್ಪು ಬಟಾಣಿ.

ಈಗ ಮನೆ ವಿಷಯಕ್ಕೆ ಬರೋಣ. ಇಂಥ ಊರಲ್ಲಿ ಒಬ್ಬನಿಗೆ ಮೂರು ಗಂಡು ಮಕ್ಕಳು ಅಂದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಹೊಲ ಮೂರು ಪಾಲು, ಅವರ ಮಕ್ಕಳ ಕಾಲಕ್ಕೆ ಒಂಬತ್ತು. ಅಲ್ಲಿ ಹಾಗೆ ಮಾಡಿದರೆ ಎರಡು ತಲೆಮಾರಿಗೆ ಊರೇ ಉಪವಾಸ. ಅದಕ್ಕೆ ಅವರು ಕಂಡುಕೊಂಡ ಕಟ್ಟಳೆ ಇದು. ಹೊಲ, ಮನೆ, ನೀರಿನ ಪಾಳಿ ಎಲ್ಲ ಇಡಿಯಾಗಿ ಹಿರಿಯ ಮಗನಿಗೆ. ಅವನು ಮದುವೆಯಾಗಿ ಮನೆ ವಹಿಸಿಕೊಂಡ ಮೇಲೆ ಅಪ್ಪ ಅಮ್ಮ ದೊಡ್ಡ ಮನೆ ಬಿಟ್ಟು ಪಕ್ಕದ ಸಣ್ಣ ಮನೆಗೆ ಹೋಗುತ್ತಾರೆ. ದೊಡ್ಡ ಮನೆ ಖಾಂಗ್‌ಚೆನ್, ಸಣ್ಣ ಮನೆ ಖಾಂಗ್‌ಚುಂಗ್. ಸಣ್ಣ ಮನೆಗೆ ಒಂದು ತುಂಡು ಹೊಲ ಇರುತ್ತದೆ, ಮುದುಕರ ಹೊಟ್ಟೆಗೆ ಅಷ್ಟು ಸಾಕು. ಹಾಗಾಗಿ ಊರಲ್ಲಿ ದೊಡ್ಡ ಮನೆಗಳ ಲೆಕ್ಕ ತಲೆಮಾರು ಕಳೆದರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ತೆರಿಗೆ ಕೊಡುವುದು ದೊಡ್ಡ ಮನೆ, ಊರ ಕೆಲಸಕ್ಕೆ ಆಳು ಕಳಿಸುವುದು ದೊಡ್ಡ ಮನೆ, ಕೂಲ್ ನೀರಿನ ಹಕ್ಕೂ ದೊಡ್ಡ ಮನೆಯದು.

ನಮ್ಮ ಕಡೆ ಮಗನಿಗೆ ಮದುವೆಯಾದ ತಕ್ಷಣ ಅಪ್ಪ ಅಮ್ಮ ಯಜಮಾನಿಕೆ ಬಿಟ್ಟು ಹಿತ್ತಿಲ ಮನೆಗೆ ಹೋಗುವುದನ್ನು ನೆನೆಸಿಕೊಳ್ಳಿ. ಬೀಗದ ಕೈ ಸೊಸೆಗೆ ಕೊಡಲಿಕ್ಕೇ ಹತ್ತು ವರ್ಷ ಬೇಕಲ್ವಾ?

ಉಳಿದ ಗಂಡು ಮಕ್ಕಳು ಎಲ್ಲಿಗೆ ಹೋಗಬೇಕು? ಗೊಂಪಾಗೆ. ಸ್ಪಿತಿಯ ಗೊಂಪಾಗಳು ತುಂಬಿದ್ದು ಬರೀ ಭಕ್ತಿಯಿಂದ ಅಲ್ಲ, ಮನೆ ಮನೆಯ ಎರಡನೇ ಮಗನಿಂದ. ಚಿಕ್ಕ ವಯಸ್ಸಿನಲ್ಲೇ ಕಳಿಸುತ್ತಿದ್ದರು. ಆದರೆ ಕೈ ತೊಳೆದುಕೊಂಡು ಕಳಿಸುತ್ತಿರಲಿಲ್ಲ. ಲಾಮಾ ಆಗಿ ಹೋದವನ ಹೆಸರಿಗೆ ಮನೆಯವರು ಒಂದು ಹೊಲ ಬಿಟ್ಟುಕೊಡುತ್ತಿದ್ದರು. ಅದರ ಬಾರ್ಲಿ ಅವನಿಗೆ. ಬೇಸಿಗೆಯಲ್ಲಿ ಅವನೂ ಬಂದು ಕೊಯ್ಲಿಗೆ ಕೈ ಹಾಕುತ್ತಿದ್ದ. ಅವನು ತೀರಿಕೊಂಡರೆ ಹೊಲ ಮತ್ತೆ ದೊಡ್ಡ ಮನೆಗೆ. ಅಣ್ಣ ಮಕ್ಕಳಿಲ್ಲದೆ ಸತ್ತರೆ ತಮ್ಮ ಕೆಂಪು ಬಟ್ಟೆ ಕಳಚಿಟ್ಟು ಬಂದು ಮನೆ ನಡೆಸಬಹುದಿತ್ತು. ಅದಕ್ಕೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಅಂದರೆ ಗೊಂಪಾ ಒಂದು ರೀತಿ ಮನೆಯ ಇನ್ನೊಂದು ಕೋಣೆ. ಎತ್ತರದಲ್ಲಿತ್ತು ಅಷ್ಟೇ.

ಇದನ್ನು ಕೇಳಿ ಸಭೆಯಲ್ಲಿ ಒಬ್ಬರು "ಎಷ್ಟು ಚೆನ್ನಾಗಿದೆ" ಅಂದರು. ಅಷ್ಟು ಬೇಗ ಮಾರುಹೋಗಬೇಡಿ. ಓದು ಬೇಡ, ಮಂತ್ರ ಬೇಡ, ನನಗೆ ಹೆಂಡತಿ ಮಕ್ಕಳು ಬೇಕು ಅನ್ನುವ ಏಳು ವರ್ಷದ ಹುಡುಗ ಅದನ್ನು ಹೇಳಲಿಕ್ಕಾದರೂ ಅವನಿಗೆ ವಯಸ್ಸೆಲ್ಲಿದೆ? ಹೊಲವೇ ಇಲ್ಲದವರ ಪಾಡು ಇನ್ನೂ ಕಷ್ಟ. ಅವರು ದೊಡ್ಡ ಮನೆಯ ಹೊಲದಲ್ಲಿ ದುಡಿದು ನೀರು ಪಡೆಯಬೇಕು. ಹೊಲ ಒಡೆಯಲಿಲ್ಲ ಸರಿ, ಅದಕ್ಕೆ ಕೆಲವರ ಬದುಕು ಬೆಲೆ ತೆತ್ತಿತು.

ಗೊಂಪಾಗಳ ಮಾತು ಬಂತು, ತಾಬೋ ಹೇಳದೆ ಮುಂದೆ ಹೋಗಲಾರೆ. ಸ್ಪಿತಿಯ ಕೆಳಭಾಗದಲ್ಲಿ, ನದಿ ಪಕ್ಕದ ಬಯಲಲ್ಲಿ ತಾಬೋ ಇದೆ. ಬೇರೆ ಗೊಂಪಾಗಳೆಲ್ಲ ಕೋಟೆಯ ಹಾಗೆ ಗುಡ್ಡದ ತುದಿಯಲ್ಲಿ ಕೂತಿದ್ದರೆ ಇದು ಮಾತ್ರ ನೆಲದ ಮೇಲೆ ಮಣ್ಣಿನ ಪೆಟ್ಟಿಗೆಗಳ ಹಾಗಿದೆ. ಹೊರಗಿನಿಂದ ನೋಡಿದರೆ ಇದಕ್ಕಾ ಇಷ್ಟು ದೂರ ಬಂದೆ ಅನ್ನಿಸುತ್ತದೆ. ಕಟ್ಟಿದ್ದು 996ರಲ್ಲಿ. ನಮ್ಮ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿ ಆಗ ಹೆಚ್ಚುಕಡಿಮೆ ಹದಿನೈದು ವರ್ಷ. ಅದು ಬಂಡೆ, ಬಯಲು, ಬಿಸಿಲು. ಇದು ಮಣ್ಣು, ಗೋಡೆ, ಕತ್ತಲು.

ಕಟ್ಟಿಸಿದವನು ಯೇಶೆ ಓ. ಇಂದಿನ ಪಶ್ಚಿಮ ಟಿಬೆಟ್‌ನಲ್ಲಿದ್ದ ಗುಗೆ ರಾಜ್ಯದ ಅರಸ, ಮುಂದೆ ತಾನೇ ಭಿಕ್ಷುವಾದವನು. ಟಿಬೆಟ್‌ನಲ್ಲಿ ಬೌದ್ಧ ಧರ್ಮ ಚೆದುರಿಹೋಗಿದ್ದ ಕಾಲ ಅದು. ಸರಿಯಾದ ಗ್ರಂಥ ಬೇಕು, ಗುರು ಬೇಕು ಎಂದು ಅವನು ಹುಡುಗರನ್ನು ಆರಿಸಿ ಕಾಶ್ಮೀರಕ್ಕೆ ಓದಲು ಕಳಿಸಿದ. ಅಲ್ಲಿ ಓದಿ ಬಂದವರಲ್ಲಿ ದೊಡ್ಡ ಹೆಸರು ರಿಂಚೆನ್ ಝಾಂಗ್ಪೋ. ಸಂಸ್ಕೃತದಿಂದ ಟಿಬೆಟನ್ನಿಗೆ ಗ್ರಂಥಗಳನ್ನು ತಂದ ಅನುವಾದಕ. ಅವನನ್ನು ಅಲ್ಲಿ ಕರೆಯುವುದೇ ಮಹಾ ಅನುವಾದಕ ಎಂದು. ಅವನು 108 ಗುಡಿ ಕಟ್ಟಿಸಿದ ಎಂಬ ನಂಬಿಕೆ ಲಡಾಖ್‌ನಿಂದ ಕಿನ್ನೌರ್‌ವರೆಗೂ ಇದೆ. ಸ್ವಲ್ಪ ಹಳೆಯದು ಅನ್ನಿಸಿದ ಗುಡಿಯನ್ನೆಲ್ಲ ಅವನ ಲೆಕ್ಕಕ್ಕೆ ಹಾಕುತ್ತಾರೆ, ನಮ್ಮಲ್ಲಿ ಜಕಣಾಚಾರಿಗೆ ಹಾಕಿದ ಹಾಗೆ. ಒಬ್ಬ ಅನುವಾದಕನಿಗೆ ಈ ಗೌರವ ಸಿಕ್ಕಿದ್ದು ನೋಡಿ ಅನುವಾದ ಮಾಡುವ ನನ್ನ ಗೆಳೆಯರಿಗೆ ಹೊಟ್ಟೆಯುರಿ.

ಯೇಶೆ ಓ ಬಗ್ಗೆ ಒಂದು ಕತೆ ಇದೆ. ಇತಿಹಾಸ ಅಂತ ಅಲ್ಲ, ಕತೆ ಅಂತಲೇ ಕೇಳಿ. ಶತ್ರು ರಾಜನೊಬ್ಬ ಅವನನ್ನು ಸೆರೆಹಿಡಿದು ಅವನ ತೂಕದಷ್ಟು ಚಿನ್ನ ಕೇಳಿದ. ಮೊಮ್ಮಗನ ವರಸೆಯ ಜಾಂಗ್‌ಚುಬ್ ಓ ಊರೂರು ಅಲೆದು ಚಿನ್ನ ಕೂಡಿಸಿದ. ಮೈ ತೂಕಕ್ಕೆ ಸರಿಹೋಯಿತು, ತಲೆಯ ತೂಕದಷ್ಟು ಕಮ್ಮಿ ಬಿತ್ತು. ಆಗ ಮುದುಕ ಹೇಳಿ ಕಳಿಸಿದನಂತೆ: ನನಗೆ ವಯಸ್ಸಾಯಿತು, ಈ ಚಿನ್ನ ನನ್ನ ಮೇಲೆ ಸುರಿಯಬೇಡ, ವಿಕ್ರಮಶಿಲೆಯ ಮಠದಿಂದ ಪಂಡಿತ ಅತೀಶನನ್ನು ಕರೆಸು. ಕತೆಯ ನಿಜ ಏನೇ ಇರಲಿ, ಜಾಂಗ್‌ಚುಬ್ ಓ ಅತೀಶನನ್ನು ಕರೆಸಿದ್ದು ನಿಜ. ತಾಬೋ ಕಟ್ಟಿ 46 ವರ್ಷಕ್ಕೆ, 1042ರಲ್ಲಿ, ಗುಡಿಯನ್ನು ಅವನೇ ಹೊಸದು ಮಾಡಿಸಿದ. ಇದು ಒಳಗೆ ಗೋಡೆಯ ಮೇಲೆ ಬರೆದಿದೆ. 996 ಎಂದು ನಾವು ಧೈರ್ಯವಾಗಿ ಹೇಳುವುದೂ ಆ ಬರಹದ ಲೆಕ್ಕ ಹಿಡಿದೇ.

ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ. ಫೋಟೋ ತೆಗೆಯುವ ಹಾಗಿಲ್ಲ. ಅದು ಒಳ್ಳೆಯದೇ ಆಯಿತು, ನೋಡಲು ಸಮಯ ಸಿಕ್ಕಿತು. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ 32 ದೇವತೆಗಳು, ಆಳೆತ್ತರ, ಗೋಡೆಯ ನಡುಮಟ್ಟದಲ್ಲಿ ತಾವರೆಯ ಮೇಲೆ ಕೂತಿದ್ದಾರೆ. ನಾಲ್ಕು ದಿಕ್ಕಿಗೂ ಮುಖ ಮಾಡಿದ ವೈರೋಚನ ಅವರ ಯಜಮಾನ. ಮಂಡಲ ಅಂದರೆ ಬಟ್ಟೆಯ ಮೇಲೆ ಬರೆದ ಚಿತ್ರ ಅಂತ ನನ್ನ ತಲೆಯಲ್ಲಿತ್ತು. ಇಲ್ಲಿ ಕೋಣೆಯೇ ಮಂಡಲ. ನಾವು ಅದರೊಳಗೆ ಚಪ್ಪಲಿ ಬಿಟ್ಟು ಓಡಾಡುತ್ತೇವೆ.

ಈ ದೇವತೆಗಳ ಕಾಲ ಕೆಳಗೆ ಗೋಡೆಯುದ್ದಕ್ಕೂ ಚಿತ್ರದ ಪಟ್ಟಿ. ಒಂದು ಕಡೆ ಬುದ್ಧನ ಬದುಕು. ಇನ್ನೊಂದು ಕಡೆ ಸುಧನ ಎಂಬ ಹುಡುಗನ ಪ್ರಯಾಣ. ಗಂಡವ್ಯೂಹ ಎಂಬ ಸೂತ್ರದ ಕತೆ ಅದು. ವರ್ತಕನ ಮಗ ಸುಧನ ಗುರುವನ್ನು ಹುಡುಕುತ್ತಾ ಹೊರಡುತ್ತಾನೆ. ಐವತ್ತಕ್ಕೂ ಹೆಚ್ಚು ಜನರ ಬಳಿ ಕಲಿಯುತ್ತಾನೆ. ಅವರಲ್ಲಿ ಭಿಕ್ಷುಗಳಿದ್ದಾರೆ, ಹಡಗು ನಡೆಸುವವನಿದ್ದಾನೆ, ಸುಗಂಧ ಮಾರುವವನಿದ್ದಾನೆ, ವೇಶ್ಯೆ ಇದ್ದಾಳೆ, ಮರಳಲ್ಲಿ ಆಡುವ ಹುಡುಗನಿದ್ದಾನೆ. ಒಬ್ಬರು ಇನ್ನೊಬ್ಬರ ವಿಳಾಸ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ.

ಮೈ ಜುಮ್ಮೆಂದಿದ್ದು ಊರಿಗೆ ಬಂದು ಓದಿದಾಗ. ಸುಧನನ ಪ್ರಯಾಣ ಶುರುವಾಗುವುದು ದಕ್ಷಿಣಾಪಥದಲ್ಲಿ. ದ್ರಮಿಡ ನಾಡಿನಲ್ಲಿ ಮೇಘ ಎಂಬವನನ್ನು ಕಾಣುತ್ತಾನೆ. ಅಲ್ಲಿಂದ ಮುಂದೆ ಮುಕ್ತಕ ಎಂಬ ಶ್ರೇಷ್ಠಿಯನ್ನು ನೋಡಲು ಹೋಗುವ ನಾಡಿನ ಹೆಸರು ವನವಾಸಿ. ಹೆಸರು ಕೇಳಿದರೆ ನಮಗೆ ಯಾವ ಊರು ನೆನಪಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪಕ್ಕಾ ನಮ್ಮ ಬನವಾಸಿಯೇ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಮೂರು ಸಾವಿರ ಮೀಟರ್ ಮೇಲೆ, ಹಿಮದ ನಾಡಿನ ಮಣ್ಣಿನ ಗೋಡೆಯಲ್ಲಿ, ಕಾಶ್ಮೀರದ ಕೈಚಳಕ ಕಾಣುವ ಬಣ್ಣದಲ್ಲಿ, ದಕ್ಷಿಣದ ದಾರಿ ತುಳಿಯುವ ಒಬ್ಬ ಹುಡುಗ ಇದ್ದಾನೆ. ಅದನ್ನು ತಿಳಿಯದೆ ನಾನು ಅವನ ಮುಂದೆ ಹಾದುಬಂದಿದ್ದೆ. ಈಗ ಇನ್ನೊಂದು ಸಲ ಹೋಗಬೇಕು.

ತಾಬೋದ ಇನ್ನೊಂದು ವಿಷಯ ನನಗೆ ಇಷ್ಟ. ಹೊರಕೋಣೆಯ ಗೋಡೆಯಲ್ಲಿ ಯೇಶೆ ಓ ಜೊತೆಗೆ ಆ ಕಾಲದ ಭಿಕ್ಷುಗಳು, ಊರ ಜನರ ಚಿತ್ರಗಳೂ ಇವೆ, ಹೆಸರು ಸಮೇತ. ಅರಸ ಚಿನ್ನ ಕೊಟ್ಟಿರಬಹುದು. ಅರಸನ ರಾಜ್ಯ ಹೋದಮೇಲೂ ದೀಪಕ್ಕೆ ಬೆಣ್ಣೆ, ಮಾಡಿಗೆ ಮಣ್ಣು ತಂದವರು ಊರವರು.

ರಾಜ್ಯ ಹೋಗಿದ್ದು ಬೇಗ ಹೇಳಿ ಮುಗಿಸುತ್ತೇನೆ. 1630ರಲ್ಲಿ ಲಡಾಖ್‌ನ ಅರಸ ಗುಗೆಯನ್ನು ಗೆದ್ದ. ಮುಂದೆ ಲ್ಹಾಸಾಕ್ಕೂ ಲಡಾಖ್‌ಗೂ ಯುದ್ಧ ನಡೆದು 1684ರಲ್ಲಿ ಒಪ್ಪಂದವಾದಾಗ ಗುಗೆ ಟಿಬೆಟ್ ಕಡೆ ಉಳಿಯಿತು, ಸ್ಪಿತಿ ಲಡಾಖ್ ಕೈಯಲ್ಲೇ ಇತ್ತು. 1834ರಿಂದ ಜಮ್ಮುವಿನ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ ಲಡಾಖ್ ಮೇಲೆ ಬಿದ್ದ. 1840ರ ದಶಕದ ಆ ಗಲಾಟೆಯಲ್ಲಿ ಸ್ಪಿತಿಯ ಕೀ ಗೊಂಪಾ ಲೂಟಿಯಾಯಿತು. 1846ರಲ್ಲಿ ಸ್ಪಿತಿ ಬ್ರಿಟಿಷರ ಕೈಗೆ ಬಂತು. ದಂಡು ಬಂದಾಗಲೆಲ್ಲ ಸ್ಪಿತಿಯವರ ಯುದ್ಧತಂತ್ರ ಒಂದೇ: ಮನೆ ಖಾಲಿ ಮಾಡಿ ಮೇಲಿನ ಗುಡ್ಡ ಹತ್ತಿ ಕೂರುವುದು. ದಂಡು ಎಷ್ಟು ದಿನ ಅಂತ ಬಾರ್ಲಿ ತಿಂದುಕೊಂಡು ಇರುತ್ತದೆ?

ಬ್ರಿಟಿಷರಿಗೂ ಅಲ್ಲಿ ಕೂತು ಆಳುವ ಉಮೇದು ಇರಲಿಲ್ಲ. ನೋನೋ ಎಂದು ಕರೆಯುವ ಸ್ಥಳೀಯ ಮುಖಂಡನಿಗೇ ಅಧಿಕಾರ ಬಿಟ್ಟರು. ಅವನಿಗಾಗಿ 1873ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಿದರು. ಕೊಲೆ ಬಿಟ್ಟು ಉಳಿದ ಅಪರಾಧಗಳನ್ನು ಅವನೇ ವಿಚಾರಿಸಿ ದಂಡ ಹಾಕಬಹುದಿತ್ತು. ದಂಡು ಬದಲಾಯಿತು, ಬಾವುಟ ಬದಲಾಯಿತು, ದೊಡ್ಡ ಮನೆ ಸಣ್ಣ ಮನೆ ಲೆಕ್ಕ ಬದಲಾಗಲಿಲ್ಲ. ನಿಜವಾದ ಪೆಟ್ಟು ಬಿದ್ದಿದ್ದು 1962ರ ನಂತರ. ಅಲ್ಲಿಯವರೆಗೆ ಲದರ್ಚಾ ಎಂಬ ಜಾತ್ರೆಗೆ ಟಿಬೆಟ್, ಲಡಾಖ್, ಕಿನ್ನೌರ್ ಕಡೆಯ ವ್ಯಾಪಾರಿಗಳು ಬರುತ್ತಿದ್ದರು. ಟಿಬೆಟ್‌ನ ಉಪ್ಪು, ಉಣ್ಣೆಗೆ ಇಲ್ಲಿಯ ಧಾನ್ಯ. ಗಡಿ ಮುಚ್ಚಿತು. ನಾಲ್ಕು ದಾರಿ ಕೂಡುವ ಊರು ಒಮ್ಮೆಲೇ ದಾರಿಯ ಕೊನೆಯ ಊರಾಯಿತು. ನಾವು "ದೂರದ ಸ್ಪಿತಿ" ಅನ್ನುತ್ತೇವಲ್ಲ, ಆ ದೂರಕ್ಕೆ ವಯಸ್ಸು ಬಹಳ ಆಗಿಲ್ಲ.

ಇಲ್ಲಿ ಪಿನ್ ಕಣಿವೆ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸ್ಪಿತಿಯ ಒಂದು ಕವಲು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಸ್ವಲ್ಪ ಸುಳ್ಳು ಮಾಡುವ ಜಾಗ. ಅಲ್ಲಿಯವರು ನಿಂಗ್ಮಾ ಪಂಥದವರು. ಅವರ ಲಾಮಾಗಳು ಮದುವೆಯಾಗಬಹುದು. ಅಲ್ಲಿ ಬುಚೆನ್ ಎಂಬ ಜನ ಇದ್ದಾರೆ, ಊರೂರು ಸುತ್ತಿ ಆಟ ಆಡಿ ತೋರಿಸುವವರು. ನಮ್ಮ ದೊಂಬಿದಾಸರು, ಕಿಳ್ಳೇಕ್ಯಾತರನ್ನು ನೆನೆಸಿಕೊಳ್ಳಿ. ಅವರ ಮೂಲ ಗುರು ಥಾಂಗ್‌ತೊಂಗ್ ಗ್ಯಾಲ್ಪೋ, ಟಿಬೆಟ್‌ನಲ್ಲಿ ನದಿಗಳಿಗೆ ಕಬ್ಬಿಣದ ಸರಪಳಿ ಸೇತುವೆ ಕಟ್ಟಿದವನು ಎಂದೇ ಹೆಸರಾದ ಸಂತ. ಒಬ್ಬನನ್ನು ಮಲಗಿಸಿ, ಹೊಟ್ಟೆಯ ಮೇಲೆ ದೊಡ್ಡ ಕಲ್ಲಿಟ್ಟು, ಇನ್ನೊಂದು ಕಲ್ಲಿನಿಂದ ಹೊಡೆದು ಒಡೆಯುತ್ತಾರೆ. ಊರಿಗೆ ಅಂಟಿದ ಕೆಡುಕು ಆ ಕಲ್ಲಿನ ಜೊತೆ ಒಡೆಯಿತು ಎಂದು ಲೆಕ್ಕ. ನಾನು ನೋಡಿದ್ದು ವೀಡಿಯೋದಲ್ಲಿ ಮಾತ್ರ. ಅಷ್ಟಕ್ಕೇ ಹೊಟ್ಟೆ ಹಿಡಿದುಕೊಂಡೆ.

ಈಗಿನ ಸ್ಪಿತಿಯಲ್ಲಿ ದುಡ್ಡಿನ ಬೆಳೆ ಹಸಿ ಬಟಾಣಿ. 1980ರ ದಶಕದಿಂದ ಈಚೆಗೆ ಹಬ್ಬಿದ್ದು. ಬಯಲುಸೀಮೆಯಲ್ಲಿ ಬಟಾಣಿ ಸಿಗದ ಮಳೆಗಾಲದಲ್ಲಿ ಇಲ್ಲಿ ಕೊಯ್ಲು, ಹಾಗಾಗಿ ಬೆಲೆ. ಬಾರ್ಲಿ ಮನೆ ಖರ್ಚಿಗೆ: ಹುರಿದು ಬೀಸಿದ ತ್ಸಂಪಾ ಹಿಟ್ಟಿಗೆ, ಛಾಂಗ್, ಅರಕ್ ಎಂಬ ಮದ್ಯಕ್ಕೆ. ಸರ್ಕಾರ ಪಾಳು ಜಮೀನನ್ನು ನೌತೋಡ್ ಎಂಬ ಹೆಸರಲ್ಲಿ ಹಂಚಿದ್ದರಿಂದ ಕಿರಿಯ ಮಕ್ಕಳಿಗೂ ಸ್ವಂತ ಹೊಲ ಮಾಡುವ ದಾರಿ ತೆರೆಯಿತು. ಸರ್ಕಾರಿ ನೌಕರಿ ಬಂತು, ಟ್ಯಾಕ್ಸಿ ಬಂತು, ಹೋಮ್‌ಸ್ಟೇ ಬಂತು. ಎರಡನೇ ಮಗ ಈಗ ಗೊಂಪಾ ಬದಲು ಚಂಡೀಗಢದ ಕಾಲೇಜಿಗೆ ಹೋಗುತ್ತಾನೆ. ಗೊಂಪಾಗಳಲ್ಲಿ ಹುಡುಗರು ಕಮ್ಮಿ.

ಮತ್ತೊಂದು ಬದಲಾವಣೆ ಮಾಡಿನ ಮೇಲೆ ಕಾಣುತ್ತದೆ. ಅಲ್ಲಿಯ ಮನೆಗಳ ಮಾಡು ಚಪ್ಪಟೆ, ಮಣ್ಣಿನದು. ಹಿಮ ಬಿದ್ದರೆ ಸಲಿಕೆಯಲ್ಲಿ ತಳ್ಳಿಬಿಡಬಹುದು. ಮಳೆಯನ್ನು ಹಾಗೆ ತಳ್ಳಲು ಬರುವುದಿಲ್ಲ. ಈಗ ಬೇಸಿಗೆಯಲ್ಲಿ ಮಳೆ ಹೊಡೆಯುತ್ತಿದೆ ಎಂದು ನಾನು ಉಳಿದ ಮನೆಯ ಅಜ್ಜಿ ತೋರಿಸಿದರು. ಅಡುಗೆಮನೆಯ ಗೋಡೆಯ ಮೇಲೆ ಮಣ್ಣಿನ ನೀರು ಇಳಿದ ಗೆರೆ. ತಾಬೋ ಗೋಡೆಗೂ ಇದೇ ಭಯ. 1975ರ ಕಿನ್ನೌರ್ ಭೂಕಂಪವನ್ನು ಅದು ಬಿರುಕು ಬಿಟ್ಟುಕೊಂಡು ತಡೆದುಕೊಂಡಿತು. ನೀರು ಭೂಕಂಪದ ಹಾಗೆ ಒಂದು ದಿನದ ಮಾತಲ್ಲ. ಹಲವರು ತಗಡು ಹಾಕಿಸುತ್ತಿದ್ದಾರೆ. ಫೋಟೋ ಕೆಡುತ್ತದೆ ಎಂದು ನಮ್ಮಂಥ ಪ್ರವಾಸಿಗಳು ಗೊಣಗುತ್ತೇವೆ. ಸೋರುವುದು ನಮ್ಮ ತಲೆ ಮೇಲಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಯದು. "ಇಷ್ಟೊತ್ತು ಗಂಡು ಮಕ್ಕಳದ್ದೇ ಹೇಳಿದಿರಿ. ಹೆಣ್ಣು ಮಕ್ಕಳಿಗೆ ಏನು ಸಿಗುತ್ತಿತ್ತು?"

ನಾಚಿಕೆಯಾಯಿತು, ನಾನೇ ಹೇಳಬೇಕಿತ್ತು. ಹೊಲದಲ್ಲಿ ಏನೂ ಇಲ್ಲ. ಮದುವೆಯಾದರೆ ಒಡವೆ, ಬಟ್ಟೆ, ಪಾತ್ರೆ. ಆಗದಿದ್ದರೆ ಅಪ್ಪ ಅಮ್ಮನ ಜೊತೆ ಸಣ್ಣ ಮನೆಯಲ್ಲಿ ದುಡಿಯುವುದು, ಇಲ್ಲವೇ ಚೋಮೋ, ಅಂದರೆ ಸನ್ಯಾಸಿನಿ ಆಗುವುದು. ಲಾಮಾ ಆದ ತಮ್ಮನಿಗೆ ಬಿಟ್ಟ ಹಾಗೆ ಚೋಮೋ ಆದ ಅಕ್ಕನಿಗೆ ಹೊಲ ಬಿಟ್ಟಿದ್ದು ನಾನು ಕೇಳಿಲ್ಲ. ಈಗಲೂ ಪೂರ್ತಿ ಸರಿಹೋಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಲ್ಲಿಯವರು ಪರಿಶಿಷ್ಟ ಪಂಗಡ, ಹಾಗಾಗಿ ಹಳೆಯ ವಾಡಿಕೆಯೇ ಕಾನೂನು. ಕಿನ್ನೌರ್, ಲಾಹೌಲ್ ಕಡೆಯ ಹೆಂಗಸರು ಇದನ್ನು ಬದಲಾಯಿಸಿ ಎಂದು ಕೇಳುತ್ತಲೇ ಇದ್ದಾರೆ.

ಎರಡನೇ ಪ್ರಶ್ನೆ, ಸ್ಪಿತಿಗೂ ನಮಗೂ ಏನಾದರೂ ನಂಟು ಉಂಟಾ ಅಂತ. ಉಂಟು, ಮೈಸೂರಿನಿಂದ ಎರಡು ಗಂಟೆ ದೂರದಲ್ಲಿ. ಟಿಬೆಟ್‌ನ ದೊಡ್ಡ ಮಠಗಳು ನಮ್ಮ ಬೈಲಕುಪ್ಪೆ, ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದ ಮೇಲೆ ಸ್ಪಿತಿ, ಕಿನ್ನೌರ್, ಲಡಾಖ್‌ನ ಹುಡುಗರು ಹೆಚ್ಚಿನ ಓದಿಗೆ ಇಲ್ಲಿಗೇ ಬರುತ್ತಾರೆ. ಹಿಂದೆ ಅವರು ಗಡಿ ದಾಟಿ ಟಿಬೆಟ್‌ಗೆ ಹೋಗುತ್ತಿದ್ದರು. ಈಗ ರೈಲು ಹತ್ತಿ ದಕ್ಷಿಣಕ್ಕೆ ಬರುತ್ತಾರೆ, ಸುಧನನ ಹಾಗೆ.

ಕಳೆದ ವರ್ಷ ಬೈಲಕುಪ್ಪೆಯ ಒಂದು ಚಹಾದಂಗಡಿಯಲ್ಲಿ ಅಂಥ ಒಬ್ಬ ಲಾಮಾ ಸಿಕ್ಕಿದರು. ಜುಲೇ ಅಂದೆ, ಅವರ ಕಡೆಯ ನಮಸ್ಕಾರ ಅದು. ಅವರು ಕನ್ನಡದಲ್ಲೇ "ಊಟ ಆಯ್ತಾ?" ಅಂದರು. ಹದಿನಾಲ್ಕು ವರ್ಷವಾಯಿತಂತೆ ಬಂದು. ಮನೆಗೆ ಎರಡನೇ ಮಗ. ನಾನು ಹಿಸ್ಸೆಯ ಗುಂಗಿನಲ್ಲಿದ್ದವನು, ಕೇಳಿಯೇಬಿಟ್ಟೆ: ನಿಮ್ಮ ಹೆಸರಿಗೆ ಹೊಲ ಇದೆಯಾ?

"ಒಂದು ಇದೆ, ಕೂಲ್ ಪಕ್ಕದಲ್ಲಿ. ಅಣ್ಣ ಬಟಾಣಿ ಹಾಕ್ತಾನೆ," ಅಂದರು. ಆಮೇಲೆ ಫೋನ್ ತೆಗೆದು ಅಣ್ಣ ಕಳಿಸಿದ ಫೋಟೋ ತೋರಿಸಿದರು. ಬಟಾಣಿ ಮೂಟೆಗಳು, ಹಿಂದೆ ಕಂದು ಗುಡ್ಡ. ಈ ಸಲ ಬೆಲೆ ಪರವಾಗಿಲ್ಲ, ಆದರೆ ಲಾರಿ ಬರುವುದು ತಡ ಆಯಿತು ಎಂದು ಅಣ್ಣ ಬೈಯುತ್ತಿದ್ದನಂತೆ.